ಇಲ್ಲಿ ಪಾಯಸದ ಗಸಗಸೆ, ದುಬೈನಲ್ಲಿ ಕೇಸು: ಬ್ಯಾಗ್ ಕಟ್ಟುವ ಮುನ್ನ ತಿಳಿಯಬೇಕಾದ್ದೇನು?

ದುಬೈನಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೊರಟವರ ಬ್ಯಾಗಿನಲ್ಲಿ ಬಟ್ಟೆಗಿಂತ ತಿಂಡಿಯೇ ಜಾಸ್ತಿ. ಚಟ್ನಿಪುಡಿ, ಉಪ್ಪಿನಕಾಯಿ, ಚಕ್ಕುಲಿ ಜೊತೆಗೆ ಪಾಯಸಕ್ಕೆ ಅಂತ ಕಾಲು ಕೆ.ಜಿ. ಗಸಗಸೆಯೂ ಹೋಗುತ್ತೆ. ತೊಂದರೆ ಶುರುವಾಗೋದು ಅಲ್ಲೇ.

ಗಸಗಸೆ ಅಫೀಮು ಗಿಡದ ಬೀಜ. ನಮ್ಮಲ್ಲಿ ಮಾದಕ ವಸ್ತು ತಡೆಗೆ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಅದು ಅಫೀಮು ಗಿಡದ ಕಾಯಿ, ಹೊಟ್ಟಿನ ಮೇಲೆ ಕಡಿವಾಣ ಹಾಕಿದರೂ ಬೀಜವನ್ನು ಹೊರಗಿಟ್ಟಿದೆ. ಹಾಗಾಗಿ ಯಾವ ಕಿರಾಣಿ ಅಂಗಡಿಯಲ್ಲಿ ಕೇಳಿದರೂ ಸಿಗುತ್ತೆ. ಆದರೆ ಯುಎಇ, ಅಂದರೆ ದುಬೈ, ಅಬುಧಾಬಿ, ಶಾರ್ಜಾ ಇರುವ ದೇಶ, ಬೀಜವನ್ನೂ ನಿಷೇಧಿತ ವಸ್ತು ಅಂತಲೇ ನೋಡುತ್ತೆ. ಗಸಗಸೆ ಹಾಕಿ ಅರೆದ ಮಸಾಲೆ ಪುಡಿ ಒಯ್ಯುವುದೂ ಅಪಾಯವೇ.

"ಗೊತ್ತಿರಲಿಲ್ಲ ಸಾರ್" ಅಂದರೆ ಬಿಡ್ತಾರಾ? ಅದನ್ನು ನಂಬಿ ಹೋಗುವಂತಿಲ್ಲ. ನಮ್ಮ ದೇಶವಿರಲಿ, ಅವರ ದೇಶವಿರಲಿ, ಕಾನೂನು ಗೊತ್ತಿರಲಿಲ್ಲ ಅನ್ನೋದು ಕ್ಷಮೆಗೆ ಕಾರಣ ಆಗಲ್ಲ.

ಔಷಧಿಯದ್ದೂ ಇದೇ ಕಥೆ. ಟ್ರಾಮಡಾಲ್ ಇರುವ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಇಂಥವನ್ನು ಒಯ್ಯಲು ಅಲ್ಲಿನ ಸರ್ಕಾರದಿಂದ ಮೊದಲೇ ಆನ್‌ಲೈನ್‌ನಲ್ಲಿ ಅನುಮತಿ ಪಡೆಯಬೇಕು. ಅದಕ್ಕೆ ಡಾಕ್ಟರ್ ಚೀಟಿ ಬೇಕು. ಚೀಟಿ ಇಲ್ಲದೆ ಕೊಂಡು, ಕತ್ತರಿಸಿದ ಪಟ್ಟಿಯಲ್ಲಿ ಒಯ್ದ ನಾಲ್ಕು ಮಾತ್ರೆಗೆ ಅಲ್ಲಿ ಲೆಕ್ಕ ಕೊಡುವವರು ಯಾರು?

ಇನ್ನು ಮೊಬೈಲ್. ಯುಎಇಯ 2021ರ ಸೈಬರ್ ಅಪರಾಧ ಕಾಯ್ದೆ ಪ್ರಕಾರ, ಬೇರೆಯವರ ಖಾಸಗಿತನಕ್ಕೆ ಧಕ್ಕೆ ತರುವಂತೆ ಒಪ್ಪಿಗೆ ಇಲ್ಲದೆ ಫೋಟೊ ತೆಗೆಯೋದು, ಹಂಚೋದು ಅಪರಾಧ. ಕನಿಷ್ಠ 6 ತಿಂಗಳು ಜೈಲು, 1.5 ಲಕ್ಷದಿಂದ 5 ಲಕ್ಷ ದಿರ್ಹಂವರೆಗೆ ದಂಡ, ಅಥವಾ ಎರಡರಲ್ಲಿ ಒಂದು. ವಾಟ್ಸಾಪ್‌ನಲ್ಲಿ ಬೈದು ಕಳಿಸಿದರೂ ಕೇಸ್ ಆಗಬಹುದು. ಊರಲ್ಲಿ ಜಗಳದ ವಿಡಿಯೊ ಮಾಡಿ ಗ್ರೂಪಿಗೆ ಹಾಕುವ ಚಾಳಿ ಅಲ್ಲಿ ನಡೆಯಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಪರರ ಪಾರ್ಸೆಲ್. "ನಮ್ಮ ಹುಡುಗನಿಗೆ ಇದೊಂದು ಕೊಟ್ಬಿಡಿ" ಅಂತ ನೆರೆಮನೆಯವರು ಕೊಟ್ಟಾಗ ಇಲ್ಲ ಅನ್ನೋದು ಕಷ್ಟ. ಆದರೆ ಕಸ್ಟಮ್ಸ್‌ನವರು ಹಿಡಿಯೋದು ಬ್ಯಾಗ್ ಯಾರ ಕೈಲಿದೆಯೋ ಅವರನ್ನೇ, ಕೊಟ್ಟವರನ್ನಲ್ಲ. ಬಿಚ್ಚಿ ತೋರಿಸದ ಪಾರ್ಸೆಲ್ ಮುಟ್ಟದಿರುವುದೇ ಒಳ್ಳೆಯದು.

ಸಿಕ್ಕಿಬಿದ್ದರೆ ಏನು ಮಾಡಬೇಕು? 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ, ಬಂಧನದ ವಿಷಯ ಭಾರತದ ದೂತಾವಾಸಕ್ಕೆ ತಿಳಿಸಿ ಅಂತ ಕೇಳುವ ಹಕ್ಕಿದೆ. ಅರ್ಥವಾಗದ ಅರೇಬಿಕ್ ಕಾಗದಕ್ಕೆ ಸಹಿ ಹಾಕುವ ಮುಂಚೆ ಭಾಷಾಂತರ ಮಾಡುವವರನ್ನು ಕೇಳಬೇಕು. ದೂತಾವಾಸದವರು ಬಂದು ಭೇಟಿಯಾಗಬಹುದು, ವಕೀಲರನ್ನು ಹುಡುಕಲು ನೆರವಾಗಬಹುದು. ಆದರೆ ಅಲ್ಲಿನ ಕೋರ್ಟಿಗೆ ಹೇಳಿ ಬಿಡಿಸಿಕೊಂಡು ಬರಲು ಅವರಿಗೆ ಅಧಿಕಾರವಿಲ್ಲ.

ಹಾಗಾಗಿ ಉಪಾಯ ಇರೋದು ಊರಲ್ಲೇ. "ದುಬೈಗೆ ಒಯ್ಯೋದಾ?" ಅಂತ ಗಸಗಸೆ ತೂಗುವ ಅಂಗಡಿಯವರು, ಮಾತ್ರೆ ಕೊಡುವ ಮೆಡಿಕಲ್‌ನವರು ಒಂದು ಮಾತು ಕೇಳಿದರೆ, ಒಂದು ಮನೆಯವರು ಕೋರ್ಟು ಅಲೆಯೋದು ತಪ್ಪಬಹುದು. ಮಗನಿಗೆ ಪಾಯಸ ತಿನ್ನಿಸುವ ಆಸೆ ಇದ್ದರೆ ಶಾವಿಗೆ ಒಯ್ಯಲಿ. ಗಸಗಸೆ ಪಾಯಸ ಅವನು ರಜೆಗೆ ಬಂದಾಗ ಆಯಿತು.