ಟ್ರೇನರ್‌ಗೆ ರಜೆ, ಕುದುರೆಗೆ ಓಟ... ಇದೆಂಥ ಶಿಕ್ಷೆ?

ಮುಂಬೈಗೆ ಬಂದು ಮೂವತ್ತು ವರ್ಷ ದಾಟಿತು. ಇಷ್ಟು ವರ್ಷದಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಎಷ್ಟು ಸಲ ಹೋಗಿದ್ದೇನೆ ಅನ್ನುವುದು ನನ್ನ ಹೆಂಡತಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ! ನಾನು ದೊಡ್ಡ ಜೂಜುಗಾರನೇನಲ್ಲ. ಪುಸ್ತಕ ಕೊಂಡು, ಇನ್ನೂರೋ ಮುನ್ನೂರೋ ಕಟ್ಟಿ, ಅದನ್ನು ಕಳೆದುಕೊಂಡು, ಲೋಕಲ್ ಹಿಡಿದು ಬೋರಿವಲಿಗೆ ವಾಪಸ್. ಅಷ್ಟೇ ನನ್ನ ರೇಸು.

ಈ ಚಟಕ್ಕೆ ನನಗೆ ಜೊತೆ ನಮ್ಮ ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ಅಣ್ಣ. ಕುಂದಾಪುರ ಕಡೆಯವರು. ಅಳಿಯ ಅಮೆರಿಕದಲ್ಲಿರುವುದರಿಂದ ಅಲ್ಲಿಯ ಡರ್ಬಿಯ ಸುದ್ದಿಯೂ ಇವರಿಗೆ ಬಾಯಿಪಾಠ. ಮೊನ್ನೆ ಕಾಫಿ ಕುಡಿಯುತ್ತಿದ್ದಾಗ ಹಳೇ ಕೇಸೊಂದನ್ನು ಎತ್ತಿದರು.

"ಅಲ್ಲ ಮಾರಾಯ್ರೆ, ಕುದುರೆಗೆ ತುರಿಕೆ ಅಂತ ಒಂದು ಮುಲಾಮು ಹಚ್ಚಿದ್ದಕ್ಕೆ ಡರ್ಬಿಯನ್ನೇ ಕಿತ್ತುಕೊಳ್ಳುವುದಾ? ಟ್ರೇನರ್ ಎಂತ ಮಾಡಬೇಕು, ರಾತ್ರಿ ಲಾಯದಲ್ಲೇ ಮಲಗಬೇಕಾ?"

ಹೌದು, ಮಲಗಬೇಕು ಅಂದೆ. ಅಲ್ಲಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಹೋಟೆಲಿನಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಣ್ಣ ಹೇಳಿದ್ದು ಮೆಡಿನಾ ಸ್ಪಿರಿಟ್ ಎಂಬ ಕುದುರೆಯ ಕಥೆ. ಮರಿಯಾಗಿದ್ದಾಗ ಬರೀ 1000 ಡಾಲರಿಗೆ ಮಾರಾಟವಾಗಿದ್ದ ಪ್ರಾಣಿ ಅದು. 2021ರ ಮೇ 1ರಂದು ಕೆಂಟಕಿ ಡರ್ಬಿಯಲ್ಲಿ ಮೊದಲು ಬಂತು. ಟ್ರೇನರ್ ಬಾಬ್ ಬ್ಯಾಫರ್ಟ್, ಅಮೆರಿಕದ ರೇಸಿನಲ್ಲಿ ಅವರಿಗಿಂತ ದೊಡ್ಡ ಹೆಸರಿಲ್ಲ. ಒಂದೇ ವಾರದಲ್ಲಿ ಸುದ್ದಿ ಬಂತು: ಕುದುರೆಯ ರಕ್ತದಲ್ಲಿ ಬೀಟಾಮೆಥಸೋನ್, ಮಿಲಿಲೀಟರಿಗೆ 21 ಪಿಕೋಗ್ರಾಂ. ಒಂದು ಪಿಕೋಗ್ರಾಂ ಅಂದರೆ ಒಂದು ಗ್ರಾಮಿನಲ್ಲಿ ಲಕ್ಷ ಕೋಟಿಯ ಒಂದು ಪಾಲು. ಮೊದಲು ಬ್ಯಾಫರ್ಟ್ ನಾವು ಆ ಮದ್ದು ಕೊಟ್ಟೇ ಇಲ್ಲ ಅಂದರು. ಎರಡು ದಿನ ಬಿಟ್ಟು, ಚರ್ಮದ ಕಾಯಿಲೆಗೆ ಹಚ್ಚಿದ ಓಟೋಮ್ಯಾಕ್ಸ್ ಎಂಬ ಮುಲಾಮಿನಲ್ಲಿ ಅದು ಇತ್ತು ಅಂದರು.

ಅಷ್ಟು ಚೂರಿಗೆ ಇಷ್ಟು ಗಲಾಟೆ ಯಾಕೆ ಅಂತ ನಿಮಗೂ ಅನ್ನಿಸಬಹುದು. ಬೀಟಾಮೆಥಸೋನ್ ಊತ ಇಳಿಸುವ ಸ್ಟೀರಾಯ್ಡ್. ಕುದುರೆಯ ಗಂಟುಗಳಿಗೆ ಇದನ್ನು ಚುಚ್ಚುವುದುಂಟು. ಊತ ಇಳಿದರೆ ನೋವು ಇಳಿಯುತ್ತದೆ, ಆದರೆ ಕಾಲಿನ ಗಾಯ ಅಲ್ಲೇ ಇರುತ್ತದೆ. ನೋವು ಅನ್ನುವುದು ಕುದುರೆಗಿರುವ ಒಂದೇ ಬಾಯಿ. ಆ ಬಾಯಿ ಮುಚ್ಚಿಸಿ, ಸುಮಾರು ಐನೂರು ಕಿಲೋದ ಪ್ರಾಣಿಯನ್ನು ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಕಾಲು ಮುರಿಯುತ್ತದೆ, ಮೇಲೆ ಕೂತ ಜಾಕಿಯ ಜೀವಕ್ಕೂ ಅಪಾಯ. ಅದಕ್ಕೇ ರೇಸಿನ ದಿನ ಆ ಮದ್ದು ಮೈಯಲ್ಲಿ ಒಂದಿಷ್ಟೂ ಇರಬಾರದು ಅಂತ ಕೆಂಟಕಿಯವರು 2020ರಲ್ಲೇ ನಿಯಮ ಬಿಗಿ ಮಾಡಿದ್ದು.

ಇನ್ನು ಟ್ರೇನರ್‌ನ ಹೊಣೆ. ಪ್ರಪಂಚದಲ್ಲಿ ಎಲ್ಲೇ ಹೋದರೂ ರೇಸಿನ ನಿಯಮದ ತಿರುಳು ಹೆಚ್ಚುಕಮ್ಮಿ ಒಂದೇ: ಮದ್ದು ಯಾರು ಕೊಟ್ಟರು, ಯಾಕೆ ಕೊಟ್ಟರು ಅನ್ನುವುದು ಆಮೇಲಿನ ಮಾತು, ಕುದುರೆಯ ಮೈಯಲ್ಲಿ ಸಿಕ್ಕಿದರೆ ಮೊದಲ ಉತ್ತರ ಟ್ರೇನರ್ ಕೊಡಬೇಕು. ಕ್ರೂರ ಅನ್ನಿಸುತ್ತದೆ ಅಲ್ಲವೇ? ಆದರೆ ಬೇರೆ ದಾರಿ ಏನಿದೆ ಹೇಳಿ. ಲಾಯದೊಳಗೆ ಇರುವುದು ಅವರ ಸೈಸ್, ಅವರು ಕರೆಸಿದ ಡಾಕ್ಟರು, ಅವರು ತರಿಸಿದ ಹುಲ್ಲು. ಉದ್ದೇಶ ಇತ್ತು ಅಂತ ಹೊರಗಿನವರು ಸಾಬೀತು ಮಾಡಬೇಕು ಅಂದರೆ ಒಂದು ಕೇಸೂ ನಿಲ್ಲುವುದಿಲ್ಲ. ನಮ್ಮ ಅಣ್ಣನ ಹೋಟೆಲಿನ ಸಾಂಬಾರಿನಲ್ಲಿ ಹಲ್ಲಿ ಬಿದ್ದರೆ "ಭಟ್ಟರನ್ನು ಕೇಳಿ" ಅಂತ ಇವರು ತಪ್ಪಿಸಿಕೊಳ್ಳಲಿಕ್ಕಾಗುತ್ತದಾ? ಅದೂ ಅಲ್ಲದೆ ಬ್ಯಾಫರ್ಟ್‌ಗೆ ಇದು ಮೊದಲನೇ ಸಲವೂ ಅಲ್ಲ. 2020ರ ಕೆಂಟಕಿ ಓಕ್ಸ್‌ನಲ್ಲಿ ಮೂರನೆಯದಾಗಿ ಬಂದ ಅವರ ಗಮೈನ್ ಎಂಬ ಕುದುರೆಯಲ್ಲೂ ಇದೇ ಬೀಟಾಮೆಥಸೋನ್ ಸಿಕ್ಕಿತ್ತು. ಇನ್ನು ಮುಂದೆ ಎಚ್ಚರ ವಹಿಸುತ್ತೇನೆ ಅಂತ ಆ ವರ್ಷದ ಕೊನೆಗೆ ಅವರೇ ಹೇಳಿಕೆ ಕೊಟ್ಟಿದ್ದರು.

ಹಾಗಾಗಿ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ನನ್ನ ಸಿಟ್ಟೆಲ್ಲ ಶಿಕ್ಷೆಯ ಮೇಲೆ.

ಡರ್ಬಿ ನಡೆದದ್ದು ಮೇ 2021ರಲ್ಲಿ. ಮೆಡಿನಾ ಸ್ಪಿರಿಟ್ ಗೆದ್ದಿದ್ದು ರದ್ದಾಯಿತು, ಮಂಡಲೂನ್ ವಿಜೇತ ಅಂತ ತೀರ್ಪು ಬಂದದ್ದು 2022ರ ಫೆಬ್ರವರಿ 21ಕ್ಕೆ. ಅಷ್ಟರಲ್ಲಿ ಮೆಡಿನಾ ಸ್ಪಿರಿಟ್ ಸತ್ತು ಹನ್ನೊಂದು ವಾರವಾಗಿತ್ತು! 2021ರ ಡಿಸೆಂಬರ್ 6ರಂದು ಸಾಂತಾ ಅನಿತಾದಲ್ಲಿ ಬೆಳಗಿನ ಓಟ ಮುಗಿಸಿ ಕುಸಿದು ಬಿತ್ತು. ಮರಣೋತ್ತರ ಪರೀಕ್ಷೆಯಲ್ಲೂ ಖಚಿತ ಕಾರಣ ಸಿಗಲಿಲ್ಲ. ಮೂರು ವರ್ಷದ ಪ್ರಾಣಿ.

ಟ್ರೇನರ್‌ಗೆ 90 ದಿನದ ಅಮಾನತು. 2022ರ ಏಪ್ರಿಲ್‌ನಿಂದ ಜುಲೈ ಆರಂಭದವರೆಗೆ. ಚರ್ಚಿಲ್ ಡೌನ್ಸ್ ಎಂಬ ಡರ್ಬಿ ಮೈದಾನದವರು ತಮ್ಮ ಕಡೆಯಿಂದ ಬೇರೆ ನಿಷೇಧ ಹಾಕಿದರು. ಆದರೆ ಅವರ ಕುದುರೆಗಳು? ತೈಬಾ, ಮೆಸಿಯರ್ ಎಂಬ ಎರಡು ಒಳ್ಳೊಳ್ಳೆ ಕುದುರೆಗಳು ಹಿಂದೆ ಅವರ ಹತ್ತಿರವೇ ಅಸಿಸ್ಟೆಂಟ್ ಆಗಿದ್ದ ಟಿಮ್ ಯಾಕ್ಟೀನ್ ಎಂಬ ಟ್ರೇನರ್ ಹೆಸರಿಗೆ ಹೋದವು. ಏಪ್ರಿಲ್ 9ರಂದು ಸಾಂತಾ ಅನಿತಾ ಡರ್ಬಿಯಲ್ಲಿ ಒಂದನೇದು ತೈಬಾ, ಎರಡನೇದು ಮೆಸಿಯರ್. ಮೇ ತಿಂಗಳಲ್ಲಿ ಎರಡೂ ಕೆಂಟಕಿ ಡರ್ಬಿಯಲ್ಲಿ ಓಡಿದವು. ಜುಲೈಯಲ್ಲಿ ಅಮಾನತು ಮುಗಿಯುತ್ತಲೇ ತೈಬಾ ವಾಪಸ್ ಹಳೇ ಯಜಮಾನರ ಲಾಯಕ್ಕೆ!

ಯಾಕ್ಟೀನ್ ನಿಯಮ ಮುರಿದರು ಅಂತ ನಾನು ಹೇಳುತ್ತಿಲ್ಲ. ಅವರು ಸ್ವಂತ ಲೈಸೆನ್ಸ್ ಇದ್ದ ಟ್ರೇನರ್. ನಿಯಮವೇ ಅದಕ್ಕೆ ಜಾಗ ಕೊಟ್ಟಿತ್ತು, ಅದೇ ನನ್ನ ಸಂಕಟ. ಹೀಗಾದರೆ ಅಮಾನತು ಅನ್ನುವುದು ಬಾಗಿಲಿನ ಬೋರ್ಡು ಬದಲಾಯಿಸುವ ಕೆಲಸ. ಟ್ರೇನರ್ ಮೂರು ತಿಂಗಳು ರಜೆಯಲ್ಲಿ, ಮಾಲೀಕನ ದುಡ್ಡಿನ ಗಿರಣಿ ಮಾತ್ರ ತಿರುಗುತ್ತಲೇ ಇರುತ್ತದೆ.

ಹೀಗಲ್ಲದೆ ಇನ್ನು ಹೇಗೆ ಮಾಡುತ್ತೀರಿ ಅಂತ ಅಣ್ಣ ಕೇಳಿದರು. ಇಂಗ್ಲೆಂಡಿನವರು 2013ರಲ್ಲಿ ಮಾಡಿ ತೋರಿಸಿದ್ದಾರಲ್ಲ! ದುಬೈ ದೊರೆ ಶೇಖ್ ಮೊಹಮ್ಮದರ ಗೊಡಾಲ್ಫಿನ್ ಲಾಯ, ಊರು ನ್ಯೂಮಾರ್ಕೆಟ್. ಅಲ್ಲಿಯ ಟ್ರೇನರ್ ಮಹಮೂದ್ ಅಲ್ ಜರೂನಿಯ ಕುದುರೆಗಳಲ್ಲಿ ಅನಬಾಲಿಕ್ ಸ್ಟೀರಾಯ್ಡ್ ಸಿಕ್ಕಿತು. ಸುದ್ದಿ ಹೊರಬಿದ್ದ ಮೂರೇ ದಿನಕ್ಕೆ, ಏಪ್ರಿಲ್ 25ರಂದು, ವಿಚಾರಣೆ ಮುಗಿದು ಎಂಟು ವರ್ಷ ನಿಷೇಧ. ಅದಕ್ಕಿಂತ ಮುಖ್ಯವಾದದ್ದು, ಮದ್ದು ಬಿದ್ದ ಕುದುರೆಗಳಿಗೂ ಆರು ತಿಂಗಳು ಓಟ ಬಂದ್. ಎಷ್ಟೇ ದೊಡ್ಡ ದೊರೆಯ ಕುದುರೆಯಾದರೂ, ಯಾವ ಟ್ರೇನರ್ ಹೆಸರಿಗೆ ಬರೆದರೂ, ಲಾಯದಲ್ಲೇ ನಿಲ್ಲಬೇಕು. ಇದು ಶಿಕ್ಷೆ! ಅಲ್ಲಿ ಸಿಕ್ಕಿದ್ದು ಮುಲಾಮಿನ ಚೂರಲ್ಲ, ಅಪರಾಧ ದೊಡ್ಡದು, ಒಪ್ಪಿದೆ. ಆರು ತಿಂಗಳ ಬದಲು ಎರಡು ತಿಂಗಳು ಮಾಡಿ. ಆದರೆ ಕುದುರೆ ನಿಲ್ಲಲಿ.

ಅಣ್ಣನ ಇನ್ನೊಂದು ವಾದಕ್ಕೆ ಮಾತ್ರ ನಾನು ಸ್ವಲ್ಪ ತಲೆಬಾಗಬೇಕು. ತಪ್ಪಿಲ್ಲದೆಯೂ ಮದ್ದು ಸಿಗುವುದುಂಟು. 2018ರಲ್ಲಿ ಜಸ್ಟಿಫೈ ಎಂಬ ಕುದುರೆಯಲ್ಲಿ (ಅದೂ ಬ್ಯಾಫರ್ಟ್ ಅವರದ್ದೇ) ಸ್ಕೋಪಾಲಮಿನ್ ಸಿಕ್ಕಾಗ, ಹುಲ್ಲಿನ ಜೊತೆ ಉಮ್ಮತ್ತಿ ಜಾತಿಯ ಗಿಡ ಸೇರಿತ್ತು ಅಂದರು. ನಮ್ಮೂರ ಬೇಲಿ ಬದಿಯಲ್ಲಿ ಬೆಳೆಯುತ್ತದಲ್ಲ, ಅದರ ಹತ್ತಿರದ ಸಂಬಂಧಿ. ಇರಬಹುದು. ಹಾಗಿದ್ದರೆ ಎಲ್ಲರ ಎದುರು ಹೇಳಿ ಬಿಡುಗಡೆ ಮಾಡಬೇಕಿತ್ತು. ಕ್ಯಾಲಿಫೋರ್ನಿಯಾದ ಮಂಡಳಿ ಕೇಸನ್ನು ಮುಚ್ಚಿದ ಕೋಣೆಯಲ್ಲಿ ಕೈಬಿಟ್ಟಿತು. ನ್ಯೂಯಾರ್ಕ್ ಟೈಮ್ಸ್ ಬರೆದು ಜನಕ್ಕೆ ಗೊತ್ತಾದದ್ದು 2019ರ ಸೆಪ್ಟೆಂಬರ್‌ನಲ್ಲಿ. ನಿರಪರಾಧಿಯನ್ನೂ ಅನುಮಾನದಲ್ಲಿ ಇಡುವುದು ಇಂಥ ಗುಟ್ಟೇ.

"ಕುದುರೆ ನಿಂತರೆ ಸೈಸ್‌ನ ಹೊಟ್ಟೆ?" ಅಂತಲೂ ಕೇಳಿದರು. ಓಡದಿದ್ದರೂ ಕುದುರೆ ಹುರುಳಿ ತಿನ್ನುತ್ತದೆ ಅಣ್ಣಾ. ಅದಕ್ಕೆ ನೀರು ಕೊಡಬೇಕು, ಮೈ ಉಜ್ಜಬೇಕು, ನಡೆಸಬೇಕು. ಆ ಸಂಬಳ ಮಾಲೀಕ ಕೊಡಲಿ. ಬಹುಮಾನ ಬಂದಾಗ ಫೋಟೋಗೆ ನಿಲ್ಲುವವನು ಅವನೇ ತಾನೆ!

ಇದೆಲ್ಲ ಅಮೆರಿಕ, ಇಂಗ್ಲೆಂಡಿನ ಮಾತು, ನಮಗೇನು ಅನ್ನಬೇಡಿ. 2017ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ಗೆದ್ದ ಕ್ವೀನ್ ಲತೀಫಾ ಎಂಬ ಕುದುರೆಯ ಸ್ಯಾಂಪಲ್‌ನಲ್ಲಿ ಪ್ರೊಕೇನ್ ಸಿಕ್ಕಿ, ವಿಷಯ ಪೊಲೀಸರವರೆಗೂ ಹೋಗಿತ್ತು. ಪ್ರೊಕೇನ್ ಮರಗಟ್ಟಿಸುವ ಮದ್ದು. ಮತ್ತೆ ಅದೇ, ನೋವಿನ ಬಾಯಿ ಮುಚ್ಚಿಸುವ ಮಾತು. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳಕ್ಕೆ ಸಂಕಟ ಬಂದಿದ್ದಾಗ "ನಿಮ್ಮ ಊರಿನವರು ಕೋಣಕ್ಕೆ ಹೊಡೆಯುತ್ತೀರಂತೆ" ಅಂತ ನನ್ನನ್ನು ಆಫೀಸಿನಲ್ಲಿ ಕೆಣಕಿದವರೇ ಫೆಬ್ರವರಿಯಲ್ಲಿ ಟೋಪಿ, ಸೂಟು ಹಾಕಿಕೊಂಡು ಮಹಾಲಕ್ಷ್ಮಿಗೆ ಡರ್ಬಿ ನೋಡಲು ಬರುತ್ತಾರೆ. ಬೆತ್ತದ ಏಟು ಕಣ್ಣಿಗೆ ಕಾಣುತ್ತದೆ ಸ್ವಾಮಿ, ಸೂಜಿ ಕಾಣುವುದಿಲ್ಲ.

ಕೊನೆಗೆ ನಮ್ಮಂಥ ಇನ್ನೂರು ರೂಪಾಯಿಯವರ ವಿಷಯ. ಮೆಡಿನಾ ಸ್ಪಿರಿಟ್ ಮೇಲೆ ಕಟ್ಟಿದವರು ರೇಸಿನ ದಿನವೇ ದುಡ್ಡು ಎಣಿಸಿಕೊಂಡು ಹೋದರು. ಮಂಡಲೂನ್ ಮೇಲೆ ಗೆಲುವಿಗೆ ಕಟ್ಟಿದವನಿಗೆ, ತನ್ನ ಕುದುರೆಯೇ ಗೆದ್ದದ್ದು ಅಂತ ಹತ್ತು ತಿಂಗಳ ನಂತರ ತೀರ್ಪು ಬಂದಾಗ ಸಿಕ್ಕಿದ್ದು ಸೊನ್ನೆ. ಬಹುಮಾನ ಮಾಲೀಕರ ನಡುವೆ ಕೈ ಬದಲಾಗುತ್ತದೆ, ಚೀಟಿ ಹರಿದು ಬಿಸಾಡಿದವನು ಮಾತ್ರ ಎಂದಿಗೂ ಸೋತವನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ ತಾನೆ?

ಇದನ್ನೆಲ್ಲ ಕೇಳಿ ಅಣ್ಣ ಗಲ್ಲಾ ಡ್ರಾಯರ್ ಮುಚ್ಚುತ್ತ ಅಂದರು: "ನೀವು ಹೇಳುವುದು ಸರಿಯೇ ಮಾರಾಯ್ರೆ. ಆದರೆ ಕುದುರೆ ನಿಲ್ಲಿಸಿದರೆ ಭಾನುವಾರ ನಾವು ಯಾವುದರ ಮೇಲೆ ಕಟ್ಟುವುದು?"

ಅಲ್ಲೇ ಇರುವುದು ರೋಗ. ನಮಗೂ ಓಟ ಬೇಕು. ನೀವೇನಂತೀರಿ?