ರಾಕೆಟ್ಟಿಗಿಂತ ಮೊದಲು ಕಾಲುಗಳು

ಕಾಶಿಯೆಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ವಿಶ್ವನಾಥನ ಸನ್ನಿಧಿ, ಗಂಗೆಯ ಘಾಟುಗಳು, ಜಂಗಮವಾಡಿ ಮಠ ಸುಳಿಯುವುದು ಸಹಜ. ಉದ್ಯೋಗನಿಮಿತ್ತ ಅಲ್ಲಿ ನೆಲೆಸಿದ ಕುಟುಂಬಗಳಿಗಾದರೋ ಅದು ಮಕ್ಕಳ ಶಾಲೆಯ ಊರೂ ಹೌದು. ಪ್ರೌಢಶಾಲೆಯ ಬಾಲಕನೋ ಬಾಲಕಿಯೋ ಟೆನಿಸ್ ತಂಡದ ಆಯ್ಕೆಗೆ ನಿಲ್ಲಬಯಸಿದಾಗ ಮನೆಯಲ್ಲಿ ನಡೆಯುವುದೇನು? ದುಬಾರಿ ರಾಕೆಟ್ ಬರುತ್ತದೆ. ಬೇಸಗೆಯ ರಜೆಯಲ್ಲಿ ಹದಿನೈದು ದಿನಗಳ ತರಬೇತಿಗೆ ಹಣ ಕಟ್ಟಲಾಗುತ್ತದೆ. ಅದುವರೆಗೆ ಓಡಿಯೇ ಅರಿಯದ ಮಗುವಿನಿಂದ ಬಿಸಿಲಿನಲ್ಲಿ ಗಂಟೆಗಟ್ಟಲೆ ಚೆಂಡು ಹೊಡೆಸಲಾಗುತ್ತದೆ. ಮುಂಬಯಿ, ದೆಹಲಿಗಳ ಕನ್ನಡ ಮನೆಗಳೂ ಇದಕ್ಕೆ ಹೊರತಲ್ಲ. ಇದನ್ನು ಸಿದ್ಧತೆಯೆಂದು ಕರೆಯುವುದು ಕಷ್ಟ.

ಅದೇ ಕಾಶಿಯ ಅಖಾಡಗಳಲ್ಲಿ ಹೊಸಬನಿಗೆ ಮೊದಲ ದಿನವೇ ಪಟ್ಟುಗಳನ್ನು ಹೇಳಿಕೊಡುವುದಿಲ್ಲ. ಮಣ್ಣನ್ನು ಅಗೆದು ಹದಗೊಳಿಸುವುದು, ದಂಡ ಹೊಡೆಯುವುದು, ಬೈಠಕ್ ತೆಗೆಯುವುದು, ಇವುಗಳಿಂದ ಮೈ ಪಳಗಿದ ಮೇಲೆಯೇ ಕುಸ್ತಿ. ಮೈಸೂರಿನ ಗರಡಿಮನೆಗಳ ಕ್ರಮವೂ ಇದೇ. ಟೆನಿಸ್ ಅಂಗಳ ಈ ವಿವೇಕವನ್ನು ಏಕೆ ಎರವಲು ಪಡೆಯಬಾರದು?

ಸಿಂಗಲ್ಸ್ ಆಟದ ಅಂಗಳ 23.77 ಮೀಟರ್ ಉದ್ದ, 8.23 ಮೀಟರ್ ಅಗಲ. ಬಹುತೇಕ ಪಾಯಿಂಟುಗಳು ಹತ್ತು ಸೆಕೆಂಡುಗಳೊಳಗೆ ಮುಗಿಯುತ್ತವೆ. ಮುಂದಿನ ಸರ್ವಿಸ್‌ಗೆ ನಿಯಮದ ಬಿಡುವು 25 ಸೆಕೆಂಡು. ಆದ್ದರಿಂದ ಬೇಕಾದುದು ಥಟ್ಟನೆ ಓಡಿ, ನಿಂತು, ತಿರುಗಿ, ಮತ್ತೆ ಓಡಬಲ್ಲ ಕಾಲುಗಳು. ಬರಿಯ ದೂರದ ಓಟ ಇದಕ್ಕೆ ಸಾಲದು. ಆಯ್ಕೆಗೆ ಮೂರು ತಿಂಗಳು ಮೊದಲಿನಿಂದ ಹತ್ತು ಹದಿನೈದು ಮೀಟರುಗಳ ಬಿರುಸಿನ ಓಟ, ಅಡ್ಡ ಹೆಜ್ಜೆ, ಹಗ್ಗದಾಟ, ಬೈಠಕ್ ಸಾಗಬೇಕು. ವಾರಕ್ಕೊಂದು ದಿನವಾದರೂ ಪೂರ್ಣ ವಿಶ್ರಾಂತಿ ಬೇಕು. ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿಗಳು ಇನ್ನೂ ಗಟ್ಟಿಗೊಂಡಿರುವುದಿಲ್ಲ. ಒಮ್ಮೆಗೇ ನೂರಾರು ಸರ್ವಿಸ್ ಹೊಡೆಸಿದರೆ ಭುಜ ನೋಯುತ್ತದೆ. ಅತಿಯಾದ ನೆಗೆತ, ಓಟಗಳಿಂದ ಮೊಣಕಾಲ ಚಿಪ್ಪಿನ ಕೆಳಗೆ ನೋವು ಕಾಣಿಸಿಕೊಳ್ಳುತ್ತದೆ. ಆಗ ಮುಲಾಮು ತಿಕ್ಕಿ ಮರುದಿನ ಮತ್ತೆ ಅಂಗಳಕ್ಕೆ ಅಟ್ಟುವ ಪಾಲಕರ ಉತ್ಸಾಹ ಮಗುವಿಗೆ ಹಿತವಲ್ಲ. ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಇನ್ನು ಬಿಸಿಲು. ಮೇ, ಜೂನ್ ತಿಂಗಳುಗಳಲ್ಲಿ ಕಾಶಿಯ ತಾಪಮಾನ 40 ಡಿಗ್ರಿ ದಾಟುವುದು ವಾಡಿಕೆ. ಮೇಲೆ ‘ಲೂ’ ಎಂಬ ಬಿಸಿಗಾಳಿ. ದೇಹ ಸೆಖೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ ಅಭ್ಯಾಸದ ಅವಧಿಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಒಂದು ಅನುಕೂಲವುಂಟು: ಜೂನಿನಲ್ಲಿ ಅಲ್ಲಿ ಸೂರ್ಯೋದಯ ಬೆಂಗಳೂರಿಗಿಂತ ಸುಮಾರು ಮುಕ್ಕಾಲು ಗಂಟೆ ಮುಂಚೆ. ಐದೂಕಾಲಕ್ಕೆ ಆರಂಭಿಸಿದರೆ ಏಳರೊಳಗೆ ಅಭ್ಯಾಸ ಮುಗಿಸಬಹುದು. ಉಪ್ಪು ಬೆರೆಸಿದ ಮಜ್ಜಿಗೆ, ನಿಂಬೆಯ ಪಾನಕ, ಅಲ್ಲಿಯವರ ಸತ್ತುವಿನ ಶರಬತ್ತು ಇವೆಲ್ಲ ಅಂಗಡಿಯ ಬಣ್ಣದ ಬಾಟಲಿಗಳಿಗಿಂತ ಮೇಲು. ಮಗು ತಲೆಸುತ್ತಿ ಅಸಂಬದ್ಧವಾಗಿ ಮಾತಾಡತೊಡಗಿದರೆ ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಆಸ್ಪತ್ರೆಗೆ ಸಾಗಿಸಬೇಕು.

ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ತಮ್ಮ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಮೊಣಕಾಲಿನ ಮೃದ್ವಸ್ಥಿ ಸವೆದು ನರಳುತ್ತಿದ್ದ ಅವರಿಗೆ ಆಸರೆಯಾದುದು, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ಯರ ಪದ್ಧತಿಯ ಯೋಗ. ದೇಹವನ್ನು ಕಾಯ್ದುಕೊಂಡದ್ದರಿಂದಲೇ ಆಟ ಉಳಿಯಿತು.

ಶಾಲಾ ಕ್ರೀಡೆಗಳಲ್ಲಿ 14, 17, 19 ವರ್ಷದೊಳಗಿನವರೆಂದು ಪ್ರತ್ಯೇಕ ವಿಭಾಗಗಳಿವೆ. ಹದಿಮೂರರಲ್ಲಿ ಆಯ್ಕೆಯಾಗದವನಿಗೆ ಇನ್ನೂ ಹಲವು ವರ್ಷ ಬಾಕಿ. ಆದರೆ ಹತ್ತನೆಯ ತರಗತಿ ಬಂತೆಂದರೆ ರಾಕೆಟ್ ಅಟ್ಟಕ್ಕೇರುವುದು ಕನ್ನಡ ಮನೆಗಳ ಹಳೆಯ ಚಾಳಿ. ಪರೀಕ್ಷೆಯ ವರ್ಷದಲ್ಲಿಯೂ ಬೆಳಗಿನ ಅರ್ಧ ಗಂಟೆಯನ್ನು ಕಾಲುಗಳಿಗೆ ಬಿಟ್ಟುಕೊಟ್ಟರೆ ಅಂಕಗಳೇನೂ ಕಡಿಮೆಯಾಗವು.