ಸಾಲದ ಪುಸ್ತಕದಲ್ಲಿ ಹೆಸರು ಬಂತು

ಅಂಗಡಿ ಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು ಬರುತ್ತಿದ್ದ ಪಿಗ್ಮಿಯವರನ್ನು ನಮ್ಮ ತಲೆಮಾರು ಮರೆತಿಲ್ಲ. ನೇಕಾರರ ಬದುಕು ಕುಸಿಯುತ್ತಿದ್ದ 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಈ ಪಿಗ್ಮಿ ಠೇವಣಿಯನ್ನು 1928ರಲ್ಲಿ ಆರಂಭಿಸಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕಿತ್ತು. ತಿಂಗಳ ಸಂಬಳ ಕಾಣದ ದರ್ಜಿ, ಸೈಕಲ್ ರಿಪೇರಿಯವ, ಚಹಾದಂಗಡಿಯವ, ಹೂ ಮಾರುವಾಕೆ ಎಲ್ಲರೂ ಅಂದಂದಿನ ಗಳಿಕೆಯಲ್ಲಿ ಒಂದಿಷ್ಟು ಎತ್ತಿಡಬಹುದೆಂದು ನಂಬಿದ ಬ್ಯಾಂಕು ಅದು. ಸ್ವಯಂ ಉದ್ಯೋಗ ಎಂಬ ಮಾತು ಸರ್ಕಾರದ ಕಡತ ಸೇರುವ ಎಷ್ಟೋ ಮೊದಲೇ ಅದನ್ನು ಅರ್ಥ ಮಾಡಿಕೊಂಡವರು ನಮ್ಮ ಕರಾವಳಿಯಲ್ಲಿದ್ದರು. 2020ರ ಏಪ್ರಿಲ್‌ನಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ವಿಲೀನವಾದಾಗ ಅನೇಕರಿಗೆ ಮನೆಯ ಹಿರಿಯರೊಬ್ಬರು ಹೋದಂತೆ ಅನಿಸಿದ್ದು ಸುಮ್ಮನೆ ಅಲ್ಲ.

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ, ಅಡವಿಡಲು ಏನೂ ಇಲ್ಲದವನಿಗೂ ಬ್ಯಾಂಕಿನ ಬಾಗಿಲು ತೆರೆಯುತ್ತದೆ ಎಂಬ ಮಾತು ಹಳ್ಳಿಹಳ್ಳಿಗೆ ಮುಟ್ಟಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ ಬಂತು. 1980ರ ಗಾಂಧಿ ಜಯಂತಿಯಂದು ದೇಶದ ಎಲ್ಲ ಬ್ಲಾಕುಗಳಿಗೂ ವಿಸ್ತರಿಸಿತು. ಎಮ್ಮೆ, ಕುರಿ, ಎತ್ತಿನಗಾಡಿ, ಹೊಲಿಗೆ ಯಂತ್ರ ಸಾಲದ ರೂಪದಲ್ಲಿ ಮನೆಗೆ ಬಂದವು. ಎಮ್ಮೆಯೇನೋ ಬಂತು, ಮೇವಿಗೆ ಹೊಲವಿಲ್ಲ, ಹಾಲು ಕೊಳ್ಳಲು ಡೇರಿಯಿಲ್ಲ, ಬತ್ತಿದ ಮೇಲೆ ಸಾಕುವ ಶಕ್ತಿಯಿಲ್ಲ. ಡೇರಿ ಇದ್ದ ಊರುಗಳಲ್ಲಿ ಅದೇ ಸಾಲ ಮನೆಗಳನ್ನು ನಿಲ್ಲಿಸಿದ್ದೂ ನಿಜ. ಆಮೇಲೆ ಕೇಂದ್ರದ ಹಣಕಾಸು ಖಾತೆಯಲ್ಲಿ ಸಚಿವರಾಗಿದ್ದ ನಮ್ಮದೇ ಕರಾವಳಿಯ ಜನಾರ್ದನ ಪೂಜಾರಿಯವರ ಸಾಲಮೇಳಗಳು ನಡೆದವು. ಶಾಮಿಯಾನದ ಕೆಳಗೆ ಸಾಲ ಪಡೆದ ಬಡವ ಮೊದಲ ಬಾರಿಗೆ ಮ್ಯಾನೇಜರನ ಮುಖ ನೋಡಿದ ಎಂಬುದನ್ನು ಟೀಕಾಕಾರರು ಲೆಕ್ಕಕ್ಕೆ ಹಿಡಿಯಲಿಲ್ಲ. ಸಾಲ ಕೊಟ್ಟ ಮೇಲೆ ಆ ಕಸುಬು ಏನಾಯಿತೆಂದು ಕೇಳುವವರಿಲ್ಲ ಎಂಬುದನ್ನು ಮೇಳ ಮಾಡಿದವರೂ ಹಿಡಿಯಲಿಲ್ಲ. 1990ರಲ್ಲಿ ಹತ್ತು ಸಾವಿರದವರೆಗಿನ ಸಾಲಮನ್ನಾ ಬಂದಾಗ ನಿಯತ್ತಾಗಿ ಕಂತು ಕಟ್ಟಿದವರಿಗಾದ ಸಂಕಟ ಬಹಳ ಕಾಲ ಆರಲಿಲ್ಲ.

ಎಂಬತ್ತರ ದಶಕದ ನಿಜವಾದ ಗಳಿಕೆ 1982ರಲ್ಲಿ ಉಜಿರೆಯಲ್ಲಿ ಸದ್ದಿಲ್ಲದೆ ಆರಂಭವಾಗಿತ್ತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಕಟ್ಟಿದ ರುಡ್‌ಸೆಟಿ ಎಂಬ ತರಬೇತಿ ಸಂಸ್ಥೆ, ನಿರುದ್ಯೋಗಿ ಯುವಕರನ್ನು ಕೆಲವು ವಾರ ತನ್ನಲ್ಲೇ ಇಟ್ಟುಕೊಂಡು ಊಟ, ವಸತಿ, ಕಸುಬು ಮೂರನ್ನೂ ಕೊಟ್ಟಿತು. ಊರಿಗೆ ಮರಳಿದ ಮೇಲೂ ಅವರ ಬೆನ್ನ ಹಿಂದೆ ನಿಂತಿತು. ಇದೇ ಮಾದರಿಯನ್ನು ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಒಯ್ದರು. ಸಾಲಕ್ಕಿಂತ ಮೊದಲು ಕೈಗೆ ಕೆಲಸ ಬರಬೇಕು ಎಂಬ ಸರಳ ಸತ್ಯವನ್ನು ಅದು ಹಿಡಿದಿತ್ತು.

ಈವರೆಗಿನ ಕಥೆಯಲ್ಲಿ ಹೆಂಗಸರು ಅಂಚಿನಲ್ಲೇ ಬಂದುಹೋದರು. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ಟ್ ಸ್ವಯಂ ಉದ್ಯೋಗಿ ಹೆಂಗಸರ ‘ಸೇವಾ’ ಸಂಘವನ್ನು ನೋಂದಾಯಿಸಲು ಹೋದಾಗ ಕಾರ್ಮಿಕ ಇಲಾಖೆ ಕೇಳಿದ್ದು, ಮಾಲೀಕನೇ ಇಲ್ಲದ ಮೇಲೆ ಇವರು ಕಾರ್ಮಿಕರಾಗುವುದು ಹೇಗೆ ಎಂದು. 1988ರಲ್ಲಿ ಇಳಾ ಭಟ್ಟರ ಅಧ್ಯಕ್ಷತೆಯ ಆಯೋಗ ಇಂಥ ಹೆಂಗಸರ ಬಗ್ಗೆ ಶ್ರಮಶಕ್ತಿ ವರದಿ ಕೊಟ್ಟಿತು. ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಕರ್ನಾಟಕದ ಸ್ವಯಂಸೇವಾ ಸಂಸ್ಥೆ ಮೈರಾಡಾ ಅದಕ್ಕೂ ಮೊದಲೇ ಆ ಹಾದಿ ಸವೆಸಿತ್ತು. 2000ದ ಹೊತ್ತಿಗೆ ನಮ್ಮಲ್ಲಿ ಸ್ತ್ರೀಶಕ್ತಿ ಗುಂಪುಗಳು ಹುಟ್ಟಿದವು. ವಾರಕ್ಕೊಮ್ಮೆ ಚಾಪೆ ಹಾಸಿ ಕೂತು ಹತ್ತಿಪ್ಪತ್ತು ರೂಪಾಯಿ ಎಣಿಸಿದ ಆ ಸಭೆಗಳಲ್ಲಿ ಹೆಬ್ಬೆಟ್ಟು ಸಹಿಯಾಯಿತು, ತಲೆ ತಗ್ಗಿಸಿದವಳು ಬ್ಯಾಂಕಿನ ಕಿಟಕಿಯಲ್ಲಿ ಜಗಳವಾಡುವಷ್ಟು ಬೆಳೆದಳು. ಇದನ್ನು ಕಣ್ಣಾರೆ ಕಂಡ ನನಗೆ, ಆಮೇಲೆ ಆದದ್ದನ್ನು ಬರೆಯಲು ಕೈ ನಡುಗುತ್ತದೆ. ಗುಂಪಿನ ನಂಬಿಕೆಯನ್ನೇ ಜಾಮೀನು ಮಾಡಿಕೊಂಡ ಕಿರುಸಾಲ ಕಂಪನಿಗಳು ಅದೇ ಚಾಪೆಗೆ ಬಂದು ಕೂತವು. ಒಬ್ಬಳ ಕಂತು ತಪ್ಪಿದರೆ ಉಳಿದವರು ಅವಳ ಮನೆ ಮುಂದೆ ನಿಲ್ಲಬೇಕಾಯಿತು. 2009ರಲ್ಲಿ ಕೋಲಾರದಲ್ಲಿ ಬಿಕ್ಕಟ್ಟು ಸ್ಫೋಟಿಸಿತು. 2025ರ ಫೆಬ್ರುವರಿಯಲ್ಲಿ ವಸೂಲಿ ದೌರ್ಜನ್ಯ ತಡೆಯಲು ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಈ ನಡುವೆ 2015ರಲ್ಲಿ ಬಂದ ಮುದ್ರಾ ಯೋಜನೆಯ ಖಾತೆಗಳಲ್ಲಿ ಮೂರರಲ್ಲಿ ಎರಡರಷ್ಟು ಹೆಣ್ಣುಮಕ್ಕಳವು ಎಂಬುದು ಹೆಮ್ಮೆಯ ಸಂಗತಿಯೇ. ಆದರೆ ಖಾತೆಗಳಲ್ಲಿ ಹೆಚ್ಚಿನವು ಐವತ್ತು ಸಾವಿರದೊಳಗಿನ ಶಿಶು ಸಾಲ. ಅಷ್ಟರಲ್ಲಿ ಹೊಲಿಗೆ ಯಂತ್ರ ಬರುತ್ತದೆ, ಅಂಗಡಿಗೆ ಮುಂಗಡ ಹುಟ್ಟುವುದಿಲ್ಲ.

ಇಷ್ಟೆಲ್ಲದರ ಒಟ್ಟು ಲೆಕ್ಕ ಕೇಂದ್ರದ ದುಡಿಮೆ ಸಮೀಕ್ಷೆಗಳಲ್ಲಿದೆ. ದೇಶದಲ್ಲಿ ದುಡಿಯುವ ಗಂಡಸರ ಪೈಕಿ ಸ್ವಯಂ ಉದ್ಯೋಗಿಗಳು 2017–18ರಲ್ಲಿ ಶೇ 52ರಷ್ಟಿದ್ದರು. 2023–24ರಲ್ಲಿ ಶೇ 54ರ ಆಸುಪಾಸು. ಹೆಂಗಸರಲ್ಲಿ ಅದೇ ಪ್ರಮಾಣ ಶೇ 52ರಿಂದ 67ಕ್ಕೆ ಜಿಗಿಯಿತು. ಭಾಷಣಗಳಲ್ಲಿ ಇದು ನಾರಿಯ ಉದ್ಯಮಶೀಲತೆಯಾಗಿ ಕೇಳಿಸುತ್ತದೆ. ಅದೇ ಕೋಷ್ಟಕದ ಮುಂದಿನ ಸಾಲು ಓದಬೇಕು: ದುಡಿಯುವ ಹೆಂಗಸರಲ್ಲಿ ಶೇ 36ಕ್ಕೂ ಹೆಚ್ಚು ಮಂದಿ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕರು. ಅರ್ಧಕ್ಕಿಂತ ಹೆಚ್ಚಿನ ಸ್ವಯಂ ಉದ್ಯೋಗಿನಿಯರ ಕೈಗೆ ತಮ್ಮ ದುಡಿಮೆಯ ದುಡ್ಡೇ ಬರುವುದಿಲ್ಲ. ಇಳಕಲ್ಲು, ಗುಳೇದಗುಡ್ಡದ ನೇಕಾರರ ಓಣಿಗಳಲ್ಲಿ ನಡೆದರೆ ಈ ಅಂಕಿ ಕಣ್ಣಿಗೇ ಕಾಣುತ್ತದೆ. ಗಂಡ ಮಗ್ಗದ ಮುಂದೆ ಕೂತಿರುತ್ತಾನೆ, ಹೆಂಡತಿ ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತಿರುತ್ತಾಳೆ. ಅವಳ ಕಂಡಿಕೆ ಇಲ್ಲದೆ ಲಾಳಿ ಓಡದು. ಸೀರೆಯ ಮಜೂರಿ ಬರುವುದು ಮಾತ್ರ ಗಂಡನ ಹೆಸರಿಗೆ. ಸಂಘದ ಸಾಲ ಅವಳ ಹೆಸರಲ್ಲಿದೆ, ಮಗ್ಗ ಅವನ ಹೆಸರಲ್ಲಿದೆ. ಐವತ್ತು ವರ್ಷಗಳಲ್ಲಿ ನಾವು ಅವಳನ್ನು ಸಾಲಗಾರ್ತಿಯಾಗಿ ಗುರುತಿಸಿದೆವು. ಒಡತಿಯಾಗಿ ಗುರುತಿಸುವ ಕೆಲಸವನ್ನು ಯಾವ ಯೋಜನೆಯೂ ಮನಸ್ಸಿಟ್ಟು ಮಾಡಲಿಲ್ಲ.

ಇಂಥ ಸಂಬಳವಿಲ್ಲದ ದುಡಿಮೆಯನ್ನು ಲೆಕ್ಕಕ್ಕೆ ತರಲು 1991ರ ಜನಗಣತಿಯಲ್ಲಿ ಒಂದು ಸಣ್ಣ ತಿದ್ದುಪಡಿಯಾಗಿತ್ತು. ಕಳೆದ ವರ್ಷ ಕೆಲಸ ಮಾಡಿದಿರಾ ಎಂಬ ಪ್ರಶ್ನೆಗೆ, ಹೊಲದಲ್ಲಿ ಅಥವಾ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡಿದ ಕೆಲಸವೂ ಸೇರಿ ಎಂಬ ಮಾತನ್ನು ಸೇರಿಸಿದ್ದರು. ಹಾಗೆ ಬಿಡಿಸಿ ಕೇಳಿದರೂ ಎಷ್ಟೋ ಹೆಂಗಸರು, ಕೆಲಸ ಏನಿಲ್ಲರಿ, ಮನ್ಯಾಗ ಇರ್ತೀನಿ ಎಂದೇ ಬರೆಸಿದರು. 2027ರ ಜನಗಣತಿಗೆ ಗಣತಿದಾರರು ಮತ್ತೆ ಅದೇ ಪಡಸಾಲೆಗೆ ಬರುತ್ತಾರೆ. ಅವಳು ರಾಟೆ ನಿಲ್ಲಿಸಿ ಎದ್ದು, ಮೊದಲು ಕುಡಿಯಲು ನೀರು ಕೊಡುತ್ತಾಳೆ.